ಅಪ್ಪಣೆಗೆ ಒಳಪಟ್ಟವನೇ ನಾಯಕ

(ಶತಮಾನೋತ್ಸವದ ಸಭೆಯಲ್ಲಿ ನಿವೃತ್ತ ಸೈನಿಕರೊಬ್ಬರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ನಮ್ಮ ದೇವಾಲಯದ ಈ ಹಬ್ಬದಲ್ಲಿ ಸೈನಿಕನೊಬ್ಬನಿಗೆ ಮಾತನಾಡಲು ಅವಕಾಶವಿತ್ತಿದ್ದೀರಿ, ಕೃತಜ್ಞನಾಗಿದ್ದೇನೆ. ಶಾಂತಿಯ ಪ್ರಭುವಿನ ಆಲಯದಲ್ಲಿ ಸಿಪಾಯಿಗೇನು ಕೆಲಸವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ಸಂಗತಿಯನ್ನು ನೆನೆಯಿರಿ. ಪ್ರತಿ ಬಲಿಪೂಜೆಯಲ್ಲಿಯೂ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ, ಪ್ರಭು ನಮ್ಮಲ್ಲಿಗೆ ಬರಲು ನಾವು ಯೋಗ್ಯರಲ್ಲವೆಂದೂ ಅವರ ಒಂದು ಮಾತೇ ಸಾಕೆಂದೂ ನಾವೆಲ್ಲರೂ ಒಪ್ಪಿಕೊಳ್ಳುತ್ತೇವೆ. ಆ ಬಿನ್ನಹ ಮೊದಲು ಹೊರಟದ್ದು ಕಫೆರ್ನವುಮಿನಲ್ಲಿದ್ದ ಒಬ್ಬ ಶತಾಧಿಪತಿಯಿಂದ. ಜಗತ್ತಿನ ಎಲ್ಲ ಕಥೋಲಿಕರೂ ದಿನದಿನವೂ ಒಬ್ಬ ಸೈನಿಕನ ಭಾವವನ್ನೇ ತಮ್ಮದಾಗಿಸಿಕೊಂಡು ಪೀಠದ ಬಳಿಗೆ ಹೋಗುತ್ತಾರೆ.

ಆ ಶತಾಧಿಪತಿ ತನ್ನ ಪದವಿಯನ್ನು ಹೇಗೆ ವಿವರಿಸಿದನೆಂಬುದನ್ನು ಗಮನಿಸಬೇಕು. ತಾನು ಅಧಿಕಾರವುಳ್ಳವನೆಂದು ಅವನು ಮೊದಲು ಹೇಳಲಿಲ್ಲ. ತಾನೂ ಮೇಲಿನವರ ಅಧಿಕಾರಕ್ಕೆ ಒಳಪಟ್ಟವನೆಂದ. ಆಮೇಲೆ ತನ್ನ ಕೈಕೆಳಗಿನ ಸಿಪಾಯಿಗಳ ವಿಚಾರವೆತ್ತಿದ. ಅಧೀನತೆ ಮೊದಲು, ಅಧಿಕಾರ ನಂತರ. ಅವನು ಪ್ರಭುವನ್ನು ಬೇಡಿಕೊಂಡದ್ದಾದರೂ ತನಗಾಗಿ ಅಲ್ಲ, ಕಾಯಿಲೆ ಬಿದ್ದಿದ್ದ ತನ್ನ ಸೇವಕನಿಗಾಗಿ. ಊರಿನ ಪ್ರಾರ್ಥನಾಮಂದಿರವನ್ನು ಕಟ್ಟಿಸಿಕೊಟ್ಟವನೂ ಅವನೇ ಎಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಯೇಸುಸ್ವಾಮಿಯೇ ಆತನ ವಿಶ್ವಾಸಕ್ಕೆ ಬೆರಗಾದರು. ನಾಯಕತ್ವದ ಮೊದಲ ಪಾಠ ಇದರಲ್ಲಿಯೇ ಇದೆ.

ನಮ್ಮ ದೇಶದ ಸೇನೆಯೂ ಇದನ್ನೇ ಕಲಿಸುತ್ತದೆ. 1932ರ ಡಿಸೆಂಬರಿನಲ್ಲಿ ಡೆಹ್ರಾಡೂನಿನ ಸೈನಿಕ ಅಕಾಡೆಮಿಯನ್ನು ಉದ್ಘಾಟಿಸುವಾಗ ಆಗಿನ ಮಹಾದಂಡನಾಯಕ ಚೆಟ್ವುಡ್ ಅವರು ಅಧಿಕಾರಿಗಳ ಕರ್ತವ್ಯಕ್ಕೊಂದು ಕ್ರಮವನ್ನು ಹಾಕಿಕೊಟ್ಟರು. ಮೊದಲನೆಯದು ದೇಶದ ಹಿತ. ಎರಡನೆಯದು ತನ್ನ ಕೈಕೆಳಗಿನ ಜವಾನರ ಹಿತ. ಎಲ್ಲಕ್ಕಿಂತ ಕೊನೆಯದು ತನ್ನ ಸ್ವಂತ ಸುಖ. ಅಧಿಕಾರಿಯಾಗುವ ಯುವಕರು ಇಂದಿಗೂ ಇದನ್ನು ಹೃದ್ಗತ ಮಾಡಿಕೊಳ್ಳುತ್ತಾರೆ.

ಈ ಕ್ರಮವನ್ನು ಬಾಳಿ ತೋರಿಸಿದವರು ನಮ್ಮ ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. 1965ರ ಯುದ್ಧ ನಡೆದಾಗ ಅವರು ನಿವೃತ್ತರಾಗಿದ್ದರು. ವಾಯುದಳದಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷರಾಗಿದ್ದ ಆಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಆ ಸಲುಗೆಯಿಂದ ಸಹಾಯಕ್ಕೆ ಮುಂದಾದರು. ಸೆರೆಯಲ್ಲಿರುವ ಯೋಧರೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಸೌಕರ್ಯ ಬೇಡವೆಂಬ ಅರ್ಥದ ಉತ್ತರವನ್ನು ಆ ತಂದೆ ಕೊಟ್ಟರು. ತಂದೆಯ ಹೃದಯಕ್ಕೆ ಅದೆಷ್ಟು ಭಾರವಾಗಿರಬೇಕು! ಧರ್ಮಕೇಂದ್ರದ ಸಮಿತಿಗಳಲ್ಲಿ, ಸಂಘಗಳಲ್ಲಿ ಸ್ಥಾನ ಪಡೆದಿರುವ ನಾವು ನಮ್ಮ ಮನೆಯವರಿಗೆ ಮೊದಲ ಸಾಲು, ಬೇಕಾದವರಿಗೆ ಮೊದಲ ಅವಕಾಶವೆಂದು ಹವಣಿಸುವಾಗ ಈ ಉತ್ತರವನ್ನು ನೆನೆಯುವುದು ಒಳಿತು.

ಇನ್ನು ಶಿಸ್ತು. ಶಿಸ್ತೆಂದರೆ ಹೊಳೆಯುವ ಬೂಟು, ಗಟ್ಟಿದನಿಯ ಅಪ್ಪಣೆ ಎಂದು ಹೊರಗಿನವರು ತಿಳಿಯುತ್ತಾರೆ. ಅದರ ಸಾರ ಬೇರೆಯೇ ಇದೆ. ಮನಸ್ಸು ಒಲ್ಲೆನೆಂದ ದಿನವೂ ಕೆಲಸ ನಿಲ್ಲದಂತೆ ಮಾಡುವ ಅಭ್ಯಾಸವೇ ಶಿಸ್ತು. ಕವಾಯತಿನಲ್ಲಿ ಅದೇ ಹೆಜ್ಜೆಯನ್ನು ಸಾವಿರ ಸಲ ಇಡಿಸುವುದು ಯಾವುದೋ ಒಂದು ಸಂಕಟದ ಗಳಿಗೆಗಾಗಿ. ಮನೆಯಲ್ಲಿ ಪ್ರತಿ ಸಂಜೆ ಹೇಳುವ ಜಪಸರವೂ ಅಂಥದೇ. ಇಂದು ಬಾಯಿಪಾಠವೆಂದು ತೋರುವ ಪ್ರಾರ್ಥನೆ ಮರಣದ ಮನೆಯಲ್ಲಿ, ಮಾತು ಹೊರಡದ ಹೊತ್ತಿನಲ್ಲಿ ತಾನಾಗಿಯೇ ನಾಲಿಗೆಗೆ ಬರುತ್ತದೆ.

ಆದರೆ ಶಿಸ್ತು ಕುರುಡಾಗಬಾರದು. ಆಸ್ಟ್ರಿಯ ದೇಶದ ಫ್ರಾನ್ಸ್ ಯೆಗರ್‌ಸ್ಟೆಟರ್ ಎಂಬ ರೈತರು ತಮ್ಮ ಹಳ್ಳಿಯ ದೇವಾಲಯದಲ್ಲಿ ಪರಿಚಾರಕರಾಗಿದ್ದರು. ಮೂವರು ಪುಟ್ಟ ಹೆಣ್ಣುಮಕ್ಕಳ ತಂದೆ. ಹಿಟ್ಲರನ ಅನ್ಯಾಯದ ಯುದ್ಧದಲ್ಲಿ ಹೋರಾಡಲಾರೆನೆಂದು ನಿರಾಕರಿಸಿದ್ದಕ್ಕಾಗಿ 1943ರ ಆಗಸ್ಟ್ 9ರಂದು ಅವರ ಶಿರಚ್ಛೇದ ಮಾಡಲಾಯಿತು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರ ಸಾಲಿಗೆ ಸೇರಿಸಿತು. ಅವರು ಶಿಸ್ತನ್ನು ಮುರಿದವರಲ್ಲ. ಎಲ್ಲ ಅಪ್ಪಣೆಗಳಿಗಿಂತ ಮೇಲಿನ ಅಪ್ಪಣೆಯೊಂದಿದೆ ಎಂದು ಅರಿತಿದ್ದವರು.

ಕೊನೆಯದಾಗಿ, ನಮ್ಮವರೆಂಬ ಭಾವ. ಬೇರೆ ಬೇರೆ ಭಾಷೆಯ, ಜಾತಿಯ, ಮತದ ತರುಣರು ಒಂದೇ ಪಲ್ಟನ್ನಿನಲ್ಲಿ ಅಣ್ಣತಮ್ಮಂದಿರಾಗುವುದು ಉಪದೇಶದಿಂದಲ್ಲ. ಒಂದೇ ಲಂಗರಿನ ಊಟದಿಂದ, ಒಂದೇ ಚಳಿಯಲ್ಲಿ ನಡುಗಿದ್ದರಿಂದ. ಸೇನೆಯ ಅಧಿಕಾರಿ ತನ್ನ ಮತ ಯಾವುದೇ ಇರಲಿ, ತನ್ನ ಜವಾನರ ಪ್ರಾರ್ಥನೆಯಲ್ಲಿ ಅವರೊಡನೆ ನಿಲ್ಲುತ್ತಾನೆ. ಬಡಾ ಖಾನಾ ಎಂಬ ಔತಣದ ದಿನ ಅಧಿಕಾರಿಗಳೂ ಜವಾನರೂ ಕೂಡಿ ಉಣ್ಣುತ್ತಾರೆ.

ಇದಕ್ಕಿಂತ ಮುಖ್ಯವಾದುದು ಹಾಜರಿ. ಗಸ್ತಿಗೆ ಹೋದ ತುಕಡಿ ಮರಳಿದೊಡನೆ ತಲೆ ಎಣಿಸುತ್ತಾರೆ. ಹತ್ತು ಜನ ಹೋಗಿ ಒಂಬತ್ತು ಜನ ಬಂದರೆ ಯಾರೂ ನಿಶ್ಚಿಂತೆಯಿಂದ ಊಟಕ್ಕೆ ಕೂರುವುದಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಹೊರಟ ಕುರುಬನ ಸಾಮತಿ ನನಗೆ ಚೆನ್ನಾಗಿ ಅರ್ಥವಾದದ್ದು ಈ ಎಣಿಕೆಯಿಂದ.

ಪ್ರಿಯರೇ, ನೂರು ವರ್ಷಗಳಲ್ಲಿ ನಮ್ಮ ಹಿರಿಯರು ಗೋಡೆ ಕಟ್ಟಿದರು, ಗಂಟೆ ತೂಗಿದರು. ಎರಡನೆಯ ಶತಮಾನಕ್ಕೆ ನಮ್ಮ ಪಾಲಿನ ಕೆಲಸ ಈ ಎಣಿಕೆ. ಭಾನುವಾರದ ಪೂಜೆಯಲ್ಲಿ ಎಷ್ಟು ಜನ ಸೇರಿದರೆಂದು ಸಂತೋಷಪಡುತ್ತೇವೆ. ಯಾರು ಬರಲಿಲ್ಲವೆಂದು ಕೇಳುವವರು ಯಾರು? ಹಾಸಿಗೆ ಹಿಡಿದ ಅಜ್ಜಿ, ಜಗಳದಿಂದ ದೂರ ಸರಿದ ಕುಟುಂಬ, ಭಾಷೆಯ ಕಾರಣಕ್ಕೆ ಕಡೆಯ ಬೆಂಚಿನಲ್ಲಿ ಕುಳಿತು ಒಂದು ದಿನ ಬರುವುದನ್ನೇ ಬಿಟ್ಟವರು, ಕೆಲಸಕ್ಕೆ ನಗರ ಸೇರಿ ಸಂಪರ್ಕ ಕಡಿದುಕೊಂಡ ಹುಡುಗ — ಇವರ ಹೆಸರುಗಳು ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಇವೆ. ನಮ್ಮ ಹಾಜರಿಯಲ್ಲಿ ಇಲ್ಲ. ಹತ್ತು ಮನೆಗೊಬ್ಬರಂತೆ ಜವಾಬ್ದಾರಿ ಹೊತ್ತು, ಈ ವರ್ಷ ಅಂಥವರ ಬಾಗಿಲು ತಟ್ಟೋಣವೆಂದು ನನ್ನ ವಿನಂತಿ. ವರದಿ ಬರೆಯಲು ಅಲ್ಲ, ಬುದ್ಧಿ ಹೇಳಲೂ ಅಲ್ಲ. ನೀವಿಲ್ಲದೆ ನಮ್ಮ ಎಣಿಕೆ ಪೂರ್ತಿಯಾಗಿಲ್ಲವೆಂದು ತಿಳಿಸಲು.

ಸಂಸ್ಕಾರಗಳಿಗೆ ಲತೀನಿನಲ್ಲಿ ಸಕ್ರಮೆಂತುಮ್ ಎಂಬ ಹೆಸರಿದೆ. ರೋಮಿನ ಸಿಪಾಯಿ ಸೇನೆ ಸೇರುವಾಗ ಮಾಡುತ್ತಿದ್ದ ಪ್ರಮಾಣಕ್ಕೂ ಅದೇ ಹೆಸರು. ಜ್ಞಾನಸ್ನಾನದಲ್ಲಿ ನಾವೂ ಪ್ರಮಾಣ ಮಾಡಿದ್ದೇವೆ. ಸೈನಿಕನಿಗೆ ನಿವೃತ್ತಿಯುಂಟು, ಆ ಪ್ರಮಾಣಕ್ಕೆ ನಿವೃತ್ತಿಯಿಲ್ಲ. ಅದನ್ನು ಪಾಲಿಸುವ ಬಲವನ್ನು ಪ್ರಭು ನಮ್ಮೆಲ್ಲರಿಗೂ ದಯಪಾಲಿಸಲಿ; ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ.