ಕರುವಿಗೆ ಗಿಣ್ಣು, ಕೂಸಿಗೆ ಮೊದಲ ಹಾಲು

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಬೀಜ, ಗೊಬ್ಬರಗಳ ವಿಷಯ ಹೇಳಲು ನಿಂತಿಲ್ಲ. ತಾಯಿಯ ಎದೆಹಾಲಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ಇದು ಹೆಂಗಸರ ಮಾತು, ಬೇಸಾಯ ಓದಿದ ಹುಡುಗನಿಗೆ ಇದೇಕೆ?" ಎಂದು ಹಿರಿಯರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವನ್ನು ಕೊಟ್ಟಿಗೆಯಿಂದಲೇ ಆರಂಭಿಸುತ್ತೇನೆ.

ಹಸು ಈದ ಕೂಡಲೇ ತಾವು ಏನು ಮಾಡುತ್ತೀರಿ? ಕರುವಿನ ಮೂಗು ಬಾಯಿ ಒರೆಸುತ್ತೀರಿ. ಅದು ಎದ್ದು ನಿಲ್ಲುತ್ತಲೇ ಕೆಚ್ಚಲಿಗೆ ಬಿಡುತ್ತೀರಿ. ಮೊದಲು ಬರುವ ಗಟ್ಟಿಯಾದ ಹಳದಿ ಹಾಲೇ ಗಿಣ್ಣು. ಮನೆಮಂದಿಗೆ ಗಿಣ್ಣು ಕಾಯಿಸಿ ತಿನ್ನುವ ಆಸೆ ಎಷ್ಟೇ ಇದ್ದರೂ ಕರುವಿನ ಪಾಲನ್ನು ಮೊದಲು ಬಿಡಬೇಕೆಂದು ತಿಳಿದ ರೈತರು ಹೇಳುತ್ತಾರೆ. ಪಶುವೈದ್ಯರೂ ಅದನ್ನೇ ಹೇಳುತ್ತಾರೆ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಯಬೇಕು. ಮೊದಲ ದಿನದಲ್ಲಿ ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟಾದರೂ ಅದರ ಹೊಟ್ಟೆ ಸೇರಬೇಕು. ಗಿಣ್ಣು ಸಿಗದ ಕರು ಭೇದಿ ಹತ್ತಿ ಸಾಯುವುದನ್ನು ನಾವೆಲ್ಲ ಕಂಡಿದ್ದೇವೆ.

ಕರುವಿಗೆ ಇಷ್ಟು ಬುದ್ಧಿವಂತಿಕೆ ತೋರಿಸುವ ನಾವು ಮನೆಯ ಕೂಸಿಗೆ ಏನು ಮಾಡುತ್ತಿದ್ದೇವೆ? ತಾಯಿಯ ಎದೆಯಲ್ಲಿ ಮೊದಲು ಬರುವ ಹಳದಿ ಹಾಲನ್ನು "ಕೆಟ್ಟ ಹಾಲು, ಕೂಸಿಗೆ ಅರಗುವುದಿಲ್ಲ" ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಬದಲಿಗೆ ಸಕ್ಕರೆ ನೀರು ಅಥವಾ ಜೇನುತುಪ್ಪ ನೆಕ್ಕಿಸುತ್ತಾರೆ. ಅಂಥ ಮನೆಗಳಲ್ಲಿ ನನ್ನ ಮನೆಯೂ ಒಂದಾಗಿತ್ತು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಐದು ವರ್ಷಗಳ ಹಿಂದೆ ನನ್ನ ಮೊದಲ ಮಗು ಹುಟ್ಟಿತು. ವಾಡಿಕೆಯಂತೆ ಬಾಣಂತನ ಹೆಂಡತಿಯ ತವರಿನಲ್ಲಿ. ಅತ್ತೆಯವರು ಮೂರು ದಿನ ಎದೆಹಾಲನ್ನು ಹಿಂಡಿ ಚೆಲ್ಲಿಸಿದರು. ಮಗುವಿಗೆ ಸಕ್ಕರೆ ನೀರು ಕೊಟ್ಟರು. ಆಮೇಲೆ ಹಾಲು ಸಾಲದೆಂದು ನೀರು ಬೆರೆಸಿದ ಹಸುವಿನ ಹಾಲನ್ನು ಸೀಸೆಯಲ್ಲಿ ಕೊಟ್ಟರು. ಅದೇ ತಿಂಗಳಲ್ಲಿ ನಾನು ಪಕ್ಕದ ಹಳ್ಳಿಯಲ್ಲಿ ಕರುಗಳಿಗೆ ಗಿಣ್ಣು ಕುಡಿಸುವ ವಿಷಯವಾಗಿ ಒಂದು ಗಂಟೆ ಮಾತನಾಡಿ ಬಂದಿದ್ದೆ. ಆದರೂ ಬಾಣಂತಿ ಕೋಣೆಯ ವಿಷಯ ನನಗೇಕೆಂದು ಜಗಲಿಯ ಮೇಲೆ ಸುಮ್ಮನೆ ಕುಳಿತೆ.

ಹನ್ನೆರಡನೆಯ ದಿನ ಮಗುವಿಗೆ ಭೇದಿ ಹತ್ತಿತು. ಸಂಜೆಯ ಹೊತ್ತಿಗೆ ನೆತ್ತಿ ಕುಳಿಬಿದ್ದಿತು. ಅಳುವುದಕ್ಕೂ ದನಿ ಇರಲಿಲ್ಲ. ರಾತ್ರಿಯೇ ಆಸ್ಪತ್ರೆಗೆ ಹೊತ್ತು ಓಡಿದೆವು. ನಾಲ್ಕು ದಿನಗಳ ಮೇಲೆ ದೇವರ ದಯೆಯಿಂದಲೂ ವೈದ್ಯರ ಶ್ರಮದಿಂದಲೂ ಮಗು ಉಳಿಯಿತು. ವೈದ್ಯರು ಎಲ್ಲವನ್ನೂ ಕೇಳಿಕೊಂಡು, ನಾನು ಮಾಡುವ ಕೆಲಸವನ್ನೂ ಕೇಳಿದರು. ಹೇಳಿದೆ. "ಹಾಗಾದರೆ ಗಿಣ್ಣಿನ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ" ಎಂದು ಅಷ್ಟೇ ನುಡಿದರು. ಅತ್ತೆಯವರದು ತಪ್ಪಲ್ಲ. ಅವರಿಗೆ ಅವರ ಹಿರಿಯರು ಹೇಳಿದ್ದನ್ನು ಮಾಡಿದರು. ತಿಳಿದೂ ಬಾಯಿ ಬಿಡದವನು ನಾನು. ಅಂದಿನಿಂದ ಈ ವಿಷಯದಲ್ಲಿ ವೈದ್ಯರು ಕಂಡುಹಿಡಿದದ್ದನ್ನು ಕೇಳಿ ಓದಿ ತಿಳಿದುಕೊಂಡೆ. ಅದನ್ನೇ ತಮ್ಮ ಮುಂದಿಡುತ್ತೇನೆ.

ಮೊದಲ ಹಾಲಿನಲ್ಲಿ ಏನಿದೆ?

ಹಸುವಿನ ಗರ್ಭದಲ್ಲಿ ತಾಯಿಯ ರಕ್ತದಿಂದ ಕರುವಿಗೆ ರೋಗ ತಡೆಯುವ ವಸ್ತುಗಳು ಹೋಗುವುದಿಲ್ಲ. ಅವೆಲ್ಲ ಗಿಣ್ಣಿನಿಂದಲೇ ಬರಬೇಕು. ಮನುಷ್ಯರಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಕೂಸಿಗೆ ಒಂದಿಷ್ಟು ರಕ್ಷಣೆ ಗರ್ಭದಲ್ಲಿಯೇ ಸಿಕ್ಕಿರುತ್ತದೆ. ಆದರೆ ಕರುಳಿನ ಒಳಮೈಯನ್ನೂ ಗಂಟಲನ್ನೂ ಕಾಯುವ ಬೇರೊಂದು ಬಗೆಯ ರಕ್ಷಣೆ ಬೇಕು. ಅದು ಮೊದಲ ಹಳದಿ ಹಾಲಿನಲ್ಲಿ ತುಂಬಿಕೊಂಡಿದೆ. ತಾಯಿ ಯಾವ ಮನೆಯಲ್ಲಿ, ಯಾವ ಊರಿನಲ್ಲಿ ಇರುತ್ತಾಳೋ ಆ ಊರಿನ ರೋಗಾಣುಗಳಿಗೆ ಎದುರಾದ ವಸ್ತುವೇ ಅವಳ ಹಾಲಿನಲ್ಲಿ ಬರುತ್ತದೆ. ಯಾವ ಅಂಗಡಿಯ ಪುಡಿಯಲ್ಲಿಯೂ ಅದು ಸಿಗದು.

ಈ ಹಾಲು ಮೊದಲ ದಿನ ಕೆಲವು ಚಮಚೆಯಷ್ಟೇ ಬರುತ್ತದೆ. ಅದನ್ನು ಕಂಡು "ಹಾಲೇ ಇಲ್ಲ" ಎಂದು ಹೆದರಬಾರದು. ಆ ದಿನದ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು.

ಬೇಗ ಕೊಟ್ಟರೆ ಎಷ್ಟು ಲಾಭವೆಂಬುದನ್ನು ಆಫ್ರಿಕದ ಘಾನಾ ದೇಶದ ಹಳ್ಳಿಗಳಲ್ಲಿ ಸುಮಾರು 11,000 ಕೂಸುಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದರು. ಹುಟ್ಟಿದ ಒಂದು ಗಂಟೆಯೊಳಗೆ ಎಲ್ಲ ಕೂಸುಗಳಿಗೂ ಎದೆಹಾಲು ಆರಂಭಿಸಿದರೆ ಮೊದಲ ತಿಂಗಳ ಸಾವುಗಳಲ್ಲಿ ನೂರಕ್ಕೆ 22ರಷ್ಟನ್ನು ತಪ್ಪಿಸಬಹುದೆಂದು ಲೆಕ್ಕ ಬಂದಿತು. ಮೊದಲ ದಿನ ಕಳೆದ ಮೇಲೆ ಹಾಲು ಕಂಡ ಕೂಸುಗಳಿಗೆ ಸಾವಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೊದಲ ಗಂಟೆಯಲ್ಲಿ ಹಾಲು ಕಂಡ ಮಕ್ಕಳು ನೂರಕ್ಕೆ 42 ಮಾತ್ರ. ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತಿರುವ ಕಾಲದಲ್ಲಿ ಇದು ನಾಚಿಕೆಪಡಬೇಕಾದ ಸಂಗತಿ.

ತಾಕು ಹಾಕಿ ನೋಡಿದ ಪರೀಕ್ಷೆ

ಹೊಸ ತಳಿಯ ಗುಣ ತಿಳಿಯಲು ನಾವು ಏನು ಮಾಡುತ್ತೇವೆ? ಒಬ್ಬನ ಒಳ್ಳೆಯ ಹೊಲವನ್ನೂ ಮತ್ತೊಬ್ಬನ ಬರಡು ಹೊಲವನ್ನೂ ಹೋಲಿಸುವುದಿಲ್ಲ. ಒಂದೇ ಬಗೆಯ ತಾಕುಗಳನ್ನು ಆರಿಸಿ, ಚೀಟಿ ಎತ್ತಿ ಹಂಚಿ ಬಿತ್ತುತ್ತೇವೆ. ಬೆಲಾರೂಸ್ ದೇಶದಲ್ಲಿ ವೈದ್ಯರು ಹೀಗೆಯೇ ಮಾಡಿದರು. ಕೂಸಿಗೆ ಎದೆಹಾಲು ತಪ್ಪಿಸಿ ಪರೀಕ್ಷೆ ಮಾಡುವುದು ಅಧರ್ಮ. ಆದ್ದರಿಂದ 31 ಆಸ್ಪತ್ರೆಗಳನ್ನು ಹಂಚಿಕೊಂಡು, ಕೆಲವು ಆಸ್ಪತ್ರೆಗಳ ಸಿಬ್ಬಂದಿಗೆ ಮಾತ್ರ ಹಾಲೂಡಿಸುವ ತಾಯಂದಿರಿಗೆ ನೆರವಾಗುವ ಕ್ರಮವನ್ನು ಚೆನ್ನಾಗಿ ಕಲಿಸಿದರು. ಉಳಿದವು ತಮ್ಮ ಹಳೆಯ ರೀತಿಯಲ್ಲೇ ನಡೆದವು. 17,000ಕ್ಕೂ ಮಿಕ್ಕ ತಾಯಿ-ಮಕ್ಕಳನ್ನು ಒಂದು ವರ್ಷ ನೋಡಿ 2001ರಲ್ಲಿ ಫಲಿತಾಂಶ ಹೊರಡಿಸಿದರು. ಮೂರು ತಿಂಗಳ ವಯಸ್ಸಿನಲ್ಲಿ ಬರಿಯ ಎದೆಹಾಲನ್ನೇ ಕುಡಿಯುತ್ತಿದ್ದ ಕೂಸುಗಳು ಮೊದಲ ಗುಂಪಿನಲ್ಲಿ ನೂರಕ್ಕೆ 43, ಎರಡನೆಯದರಲ್ಲಿ ನೂರಕ್ಕೆ 6. ಹೊಟ್ಟೆ ಕೆಟ್ಟು ಭೇದಿಯಾದ ಕೂಸುಗಳು ಮೊದಲ ಗುಂಪಿನಲ್ಲಿ ನೂರಕ್ಕೆ 9, ಎರಡನೆಯದರಲ್ಲಿ 13. ಅದು ನಲ್ಲಿ ನೀರು, ಆಸ್ಪತ್ರೆಗಳು ಚೆನ್ನಾಗಿರುವ ದೇಶ. ಅಲ್ಲಿಯೇ ಇಷ್ಟು ವ್ಯತ್ಯಾಸ ಕಂಡಿತೆಂದರೆ, ನೀರು ಕೆಟ್ಟಿರುವ ಕಡೆ ಎಷ್ಟಿರಬಹುದೆಂದು ತಾವೇ ಊಹಿಸಿಕೊಳ್ಳಿ.

ಸೀಸೆಯ ಅಪಾಯ ಇಂದು ನಿನ್ನೆ ತಿಳಿದದ್ದಲ್ಲ. ಜಮೈಕದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದಾಗ, ಡಬ್ಬಿಯ ಸಿಹಿ ಹಾಲನ್ನು ಕೂಸುಗಳಿಗೆ ತಕ್ಕುದೆಂದು ಮಾರುವುದನ್ನು ಕಂಡರು. 1939ರಲ್ಲಿ ಅಲ್ಲಿನ ರೋಟರಿ ಸಂಘದ ಸಭೆಯಲ್ಲಿ ನಿಂತು, ಇದು ಕೊಲೆಗೆ ಸಮಾನವೆಂದು ದಿಟ್ಟತನದಿಂದ ಹೇಳಿದರು. ನಮ್ಮ ದೇಶದಲ್ಲಿ 1992ರಲ್ಲಿ ಕಾನೂನೇ ಆಗಿದೆ. ಕೂಸಿನ ಹಾಲಿನ ಪುಡಿ, ಹಾಲಿನ ಸೀಸೆಗಳಿಗೆ ಜಾಹೀರಾತು ಕೊಡುವಂತಿಲ್ಲ. ತಾಯಂದಿರಿಗೆ ಬಿಟ್ಟಿ ಮಾದರಿ ಹಂಚುವಂತಿಲ್ಲ.

ತಾಯಿಗೂ ಲಾಭ

ಕೂಸು ಚೀಪಿದಾಗ ತಾಯಿಯ ಮೈಯಲ್ಲಿ ಒಂದು ರಸ ಹೊರಡುತ್ತದೆ. ಅದು ಹಾಲನ್ನು ಇಳಿಸುವುದರ ಜೊತೆಗೆ ಗರ್ಭಕೋಶವನ್ನು ಬಿಗಿಮಾಡಿ ರಕ್ತಸ್ರಾವವನ್ನು ತಗ್ಗಿಸುತ್ತದೆ. ಆದುದರಿಂದ ಹೆರಿಗೆಯಾದ ಕೂಡಲೇ ಹಾಲೂಡಿಸುವುದು ಬಾಣಂತಿಗೂ ಹಿತ. 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಹನ್ನೆರಡು ತಿಂಗಳ ಹಾಲೂಡಿಕೆಗೆ ಸ್ತನದ ಕ್ಯಾನ್ಸರಿನ ಅಪಾಯ ನೂರಕ್ಕೆ 4ಕ್ಕಿಂತ ಸ್ವಲ್ಪ ಹೆಚ್ಚಾಗಿ ಇಳಿಯುವುದು ಕಂಡುಬಂದಿತು. 2016ರಲ್ಲಿ ಪ್ರಪಂಚದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿದ ವೈದ್ಯರು, ಎಲ್ಲ ಕಡೆಯೂ ಎದೆಹಾಲು ಸರಿಯಾಗಿ ಸಿಕ್ಕಿದರೆ ವರ್ಷಕ್ಕೆ 8,23,000 ಮಕ್ಕಳ ಸಾವನ್ನೂ 20,000 ತಾಯಂದಿರ ಸಾವನ್ನೂ ತಪ್ಪಿಸಬಹುದೆಂದು ತಿಳಿಸಿದರು.

"ನಮ್ಮ ಹೆಂಗಸರು ಬಡಕಲು, ಅವರ ಹಾಲಿನಲ್ಲಿ ಸತ್ವವೆಲ್ಲಿ?" ಎಂಬುವರಿದ್ದಾರೆ. ನೀಲಗಿರಿಯ ಕೂನೂರಿನಲ್ಲಿದ್ದ ಆಹಾರ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಅವರು 1950ರ ದಶಕದಲ್ಲಿಯೇ ಬಡ ತಾಯಂದಿರ ಹಾಲನ್ನು ಪರೀಕ್ಷಿಸಿದರು. ಅರೆಹೊಟ್ಟೆಯ ತಾಯಿಯ ಹಾಲಿನಲ್ಲಿಯೂ ಸಸಾರಜನಕದ ಅಂಶ ಹೆಚ್ಚು ತಗ್ಗಿರಲಿಲ್ಲ. ಆದರೆ ಇದರಿಂದ ತಾಯಿಗೆ ಊಟ ಬೇಡವೆಂದು ತಿಳಿಯಬಾರದು. ಆ ಸತ್ವ ಅವಳ ಮೈಯಿಂದಲೇ ಹೋಗುತ್ತಿರುತ್ತದೆ. ಬೆಳೆ ತೆಗೆದ ಭೂಮಿಗೆ ಗೊಬ್ಬರ ಹಾಕದಿದ್ದರೆ ಏನಾಗುವುದೆಂದು ರೈತರಿಗೆ ನಾನು ಹೇಳಬೇಕೆ? ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿನ ಆಹಾರ ಬೇಕು. ಬರಿಯ ರಾಗಿ ಹಿಟ್ಟಿನ ಲೆಕ್ಕದಲ್ಲಿ ಹೇಳಿದರೆ ಅದು 180 ಗ್ರಾಮಿಗೂ ಮಿಕ್ಕಿತು. ಅದರ ಜೊತೆಗೆ ಬೇಳೆ, ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇರಬೇಕು. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕೊಡಬಾರದು ಎಂಬ ಪಥ್ಯವನ್ನು ಕೈಬಿಡಬೇಕು. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳಿಗೆ ಎಂಬ ಪದ್ಧತಿಯೂ ಹೋಗಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಒಂದು: ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ತಾಯಿಯ ಎದೆಗೆ ಹಚ್ಚಿರಿ. ಹಳದಿ ಹಾಲನ್ನು ಚೆಲ್ಲಬೇಡಿ. ಜೇನುತುಪ್ಪ ನೆಕ್ಕಿಸಬೇಡಿ. ವರ್ಷದೊಳಗಿನ ಕೂಸಿಗೆ ಜೇನಿನಿಂದ ಕೈಕಾಲು ಸೋಲುವ ಅಪಾಯಕರವಾದ ರೋಗ ಬರುವುದುಂಟು.

ಎರಡು: ಆರು ತಿಂಗಳವರೆಗೆ ಬರಿಯ ಎದೆಹಾಲು. ವೈದ್ಯರು ಬರೆದುಕೊಟ್ಟ ಔಷಧಿ ಹೊರತು ಬೇರೇನೂ ಬೇಡ. "ಬೇಸಿಗೆಯಲ್ಲಿ ನೀರಾದರೂ ಬೇಡವೆ?" ಎಂದು ಅಜ್ಜಿಯರು ಕೇಳುತ್ತಾರೆ. ದೆಹಲಿಯ ವೈದ್ಯರು ಅಲ್ಲಿನ ಕಡುಬೇಸಿಗೆಯಲ್ಲಿಯೇ ಇದನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ನೀರು ಬೇಕಾಗಲಿಲ್ಲ. ಎದೆಹಾಲಿನ ನೂರು ಪಾಲಿನಲ್ಲಿ 87 ಪಾಲು ನೀರೇ.

ಮೂರು: ಹಾಲು ಸಾಲದೆಂದು ತೋರಿದರೆ ಸೀಸೆ ಹಿಡಿಯಬೇಡಿ. ಇನ್ನೂ ಹೆಚ್ಚು ಸಲ ಚೀಪಿಸಿರಿ. ಕರೆದಷ್ಟೂ ಹಾಲು ಊರುವುದು ಹಸುವಿನಲ್ಲಿ ಕಂಡದ್ದೇ. ಇಲ್ಲಿಯೂ ಅದೇ ನಿಯಮ. ಕೂಸು ದಿನಕ್ಕೆ ಆರಕ್ಕೆ ಕಡಿಮೆಯಿಲ್ಲದಂತೆ ಮೂತ್ರ ಮಾಡುತ್ತ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅಂಗನವಾಡಿಯಲ್ಲಿ ತೂಕ ಹಾಕಿಸಿರಿ.

ನಾಲ್ಕು: ತಾಯಿ ಕಳೆ ಕೀಳಲು ಹೋಗುವುದಾದರೆ ಬದುವಿನ ಮರಕ್ಕೆ ಜೋಲಿ ಕಟ್ಟಿ ಕೂಸನ್ನು ಹತ್ತಿರ ಇರಿಸಿರಿ. ಆಗದಿದ್ದರೆ ಶುದ್ಧವಾದ ಕೈಯಿಂದ ಹಾಲನ್ನು ಹಿಂಡಿ, ಕುದಿಸಿ ತೊಳೆದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿ ತಣ್ಣಗಿನ ಕಡೆ ಇಡಬಹುದು. ನಾಲ್ಕು ಗಂಟೆಯೊಳಗೆ ಅದನ್ನು ಒಳಲೆಯಿಂದಲೋ ಚಮಚೆಯಿಂದಲೋ ಕುಡಿಸಬೇಕು. ಔಷಧಿ ಹೊಡೆಯುವ ಕೆಲಸ, ಔಷಧಿ ಕಲಸುವ ಕೆಲಸ ಹಾಲೂಡಿಸುವ ತಾಯಿಗೆ ಬೇಡವೇ ಬೇಡ.

ಐದು: ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೊಳಕೆ ರಾಗಿಯ ಸರಿ ಆರಂಭಿಸಿರಿ. ರಾಗಿ ಮೊಳೆತಾಗ ಸರಿ ತೆಳುವಾಗುತ್ತದೆ. ಆದ್ದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಸೇರಿಸಿ ಉಣಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಮೊಳೆತ ರಾಗಿಯನ್ನೂ ಹೆಸರುಕಾಳನ್ನೂ ಸೇರಿಸಿ ಮಕ್ಕಳ ಆಹಾರವನ್ನು ರೂಪಿಸಿದ್ದಾರೆ. ನಮ್ಮ ಅಜ್ಜಿಯರ ಈ ಪದ್ಧತಿಗೆ ವಿಜ್ಞಾನವೂ ತಲೆದೂಗಿದೆ. ಎದೆಹಾಲನ್ನು ಎರಡು ವರ್ಷ ತುಂಬುವವರೆಗೂ, ಅದರ ಮೇಲೂ ಮುಂದುವರಿಸಬಹುದು.

ಕೆಲವು ತಾಯಂದಿರಿಗೆ ರೋಗದಿಂದಲೋ ಬೇರೆ ಕಾರಣದಿಂದಲೋ ಹಾಲೂಡಿಸುವುದು ಕಷ್ಟವಾಗಬಹುದು. ಅಂಥವರನ್ನು ಯಾರೂ ಹಳಿಯಬಾರದು. ಕೂಡಲೇ ವೈದ್ಯರಿಗೆ ತೋರಿಸಿ ಅವರು ಹೇಳಿದಂತೆ ನಡೆಯಬೇಕು.

ಬಾಂಧವರೇ, ನನ್ನ ಎರಡನೆಯ ಮಗು ಹುಟ್ಟಿ ಈಗ ಎರಡು ವರ್ಷವಾಯಿತು. ಆ ಸಲ ನಾನು ಜಗಲಿಯಲ್ಲಿ ಕೂರಲಿಲ್ಲ. ಹೆರಿಗೆಗೆ ಮೊದಲೇ ಅತ್ತೆಯವರ ಹತ್ತಿರ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕರುವಿಗಾದರೆ ನಾನೇ ಹಿಡಿದು ಕುಡಿಸುತ್ತಿದ್ದೆನಲ್ಲಪ್ಪ. ಮೊದಲೇ ಒಂದು ಮಾತು ಹೇಳಬಾರದಾಗಿತ್ತೆ?" ಎಂದರು. ಹೆರಿಗೆಯಾದ ಅರ್ಧ ಗಂಟೆಗೆ ಅವರೇ ಕೂಸನ್ನು ಎತ್ತಿ ಮಗಳ ಎದೆಗೆ ಹಚ್ಚಿದರು.

ಆ ಒಂದು ಮಾತನ್ನು ತಮ್ಮ ತಮ್ಮ ಮನೆಯಲ್ಲಿ ಮೊದಲೇ ಹೇಳಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ಇಂದು ನಿಂತೆ. ಗರ್ಭಿಣಿಯರಿರುವ ಮನೆಯ ಗಂಡಸರು ಈ ವಾರದಲ್ಲಿಯೇ ಹಿರಿಯರೊಡನೆ ಕುಳಿತು ಮಾತನಾಡಿರಿ. ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ.