ಆವರಿಕೆ ಹೂವೂ ನಮ್ಮ ಮೈಚರ್ಮವೂ
(ವಾಚನಾಲಯದ ಸಭೆಯಲ್ಲಿ ಓದಿದ ಭಾಷಣ)



ಪೇಟೆಯಲ್ಲಿ ಮಾರುವ ಮುಖಲೇಪದ ಡಬ್ಬಿಗಳ ಮೇಲೆ ಹೂವಿನ ಚಿತ್ರವಿರುತ್ತದೆ. ಅದರ ಕೆಳಗೆ ‘ಆಂಟಿಆಕ್ಸಿಡೆಂಟ್’ ಎಂಬ ಮಾತಿರುತ್ತದೆ. ಪಗಾರದ ದಿನ ಇಂಥ ಡಬ್ಬಿ ಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಮಾತಿನ ಅರ್ಥವೇನು, ಅದರಿಂದ ನಮಗೆಷ್ಟು ಲಾಭ ಎಂಬುದನ್ನು ಇಂದು ವಿಚಾರ ಮಾಡೋಣ.

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ನಾವೆಲ್ಲ ಬಲ್ಲೆವು. ಅದು ಆಮ್ಲಜನಕದ ಕೆಲಸ. ಅದಕ್ಕೆ ಉತ್ಕರ್ಷಣವೆಂದು ಹೆಸರು. ಬಿಸಿಲಿನ ನೇರಳಾತೀತ ಕಿರಣಗಳು ನಮ್ಮ ಚರ್ಮದೊಳಗೂ ಆಮ್ಲಜನಕದ ಪುಂಡ ಕಣಗಳನ್ನು ಹುಟ್ಟಿಸುತ್ತವೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ನಾರನ್ನು ಅವು ಕೆಡಿಸುತ್ತವೆ, ಸುಕ್ಕು ಬೀಳುತ್ತದೆ. ಈ ಕಣಗಳನ್ನು ಶಾಂತಗೊಳಿಸುವ ವಸ್ತುವೇ ಆಂಟಿಆಕ್ಸಿಡೆಂಟ್. ಹೂಗಳ ಬಣ್ಣದಲ್ಲಿಯೂ ಒಗರಿನಲ್ಲಿಯೂ ಇಂಥ ವಸ್ತುಗಳಿವೆ.

ನಮ್ಮ ಆವರಿಕೆಯನ್ನೇ ನೋಡಿರಿ. ಕೆಲವರು ಅದನ್ನು ತಂಗಡಿ ಎನ್ನುತ್ತಾರೆ. ಬಯಲುಸೀಮೆಯ ಬರಡು ನೆಲದಲ್ಲಿ ಹಳದಿ ಹೂ ಬಿಡುವ ಗಿಡವದು. ತೆಲಂಗಾಣದ ಬತುಕಮ್ಮ ಹಬ್ಬಕ್ಕೆ ಬೇಕಾದ ಹೂವೂ ಅದೇ. ಒಣಗಿಸಿದ ಹೂವಿನ ಪುಡಿಯನ್ನು ಮೈಗೆ ತಿಕ್ಕಿ ಸ್ನಾನ ಮಾಡುವ ರೂಢಿ ಹಳೆಯದು. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ನೇರಳೆ ಬಣ್ಣದ ದ್ರಾವಣಕ್ಕೆ ಆಂಟಿಆಕ್ಸಿಡೆಂಟ್ ಬೆರೆತರೆ ಅದು ಹಳದಿಗೆ ತಿರುಗುತ್ತದೆ. ಆವರಿಕೆ ಹೂವಿನ ಸಾರವು ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ.

ಆದರೆ ಗಾಜಿನ ನಳಿಗೆ ಬೇರೆ, ಮೈಚರ್ಮ ಬೇರೆ. ಇದನ್ನು ಧಾರಾವಿಯವರಿಗೆ ತಿಳಿಸುವುದು ಸುಲಭ. 19ನೆಯ ಶತಮಾನದ ಕೊನೆಗೆ ತಮಿಳುನಾಡಿನ ಕಡೆಯಿಂದ ಬಂದವರು ಇಲ್ಲಿ ತೊಗಲು ಹದಮಾಡುವ ಕಾರಖಾನೆಗಳನ್ನು ಇಟ್ಟರು. ಈಗ ಆ ಕೆಲಸ ಬಹುಮಟ್ಟಿಗೆ ನಿಂತು, ಚೀಲ, ಪಟ್ಟಿ ಹೊಲಿಯುವ ಕೆಲಸ ಉಳಿದಿದೆ. ದಕ್ಷಿಣದಲ್ಲಿ ತೊಗಲು ಹದಮಾಡಲು ಇದೇ ಆವರಿಕೆಯ ತೊಗಟೆಯನ್ನು ಬಳಸುತ್ತಿದ್ದರು. ತೊಗಟೆಯ ಒಗರು ಕೊಲಾಜನ್ನಿಗೆ ಅಂಟಿಕೊಂಡರೆ ತೊಗಲು ಕೊಳೆಯುವುದಿಲ್ಲ. ಆದರೆ ಮೊದಲು ಸುಣ್ಣದ ಹೊಂಡದಲ್ಲಿ ನೆನೆಹಾಕಿ ಕೂದಲನ್ನೂ ಮೇಲ್ಪದರವನ್ನೂ ತೆಗೆಯಬೇಕು. ಆಮೇಲೆ ದಿನಗಟ್ಟಲೆ ತೊಗಟೆಯ ರಸದಲ್ಲಿ ಇಡಬೇಕು. ಜೀವಂತ ಮೈಯ ಮೇಲ್ಪದರವೋ ಕಾವಲುಗಾರನಂತೆ ನಿಂತಿರುತ್ತದೆ. ಅಣುತೂಕ ಸುಮಾರು 500ಕ್ಕಿಂತ ಹೆಚ್ಚಿದ್ದ ವಸ್ತು ಅದನ್ನು ದಾಟುವುದು ಬಲು ಕಷ್ಟ. ಒಗರಿನ ಅಣುಗಳು ಬಹಳಷ್ಟು ಅದಕ್ಕಿಂತ ದೊಡ್ಡವು. ಗಾಳಿ ಬೆಳಕುಗಳಿಗೆ ಸಾರವೂ ಕೆಡುತ್ತದೆ. ಆದುದರಿಂದ ನಳಿಗೆಯಲ್ಲಿ ಗೆದ್ದ ಹೂವು ಮುಖದ ಮೇಲೂ ಗೆದ್ದೇ ಗೆಲ್ಲುವುದೆಂದು ಹೇಳುವಂತಿಲ್ಲ.

ಮನೆಯ ಆವರಿಕೆ ಪುಡಿಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮೊದಲು ಮುಂಗೈಗೆ ಹಚ್ಚಿ ನೋಡಿರಿ, ತುರಿಸಿದರೆ ಬಿಡಿರಿ. ಬಿಸಿಲಲ್ಲಿ ದುಡಿಯುವವರಿಗೆ ತುಂಬುತೋಳಿನ ಅಂಗಿಯೂ ತಲೆಯ ಮೇಲಿನ ರುಮಾಲೂ ದೊಡ್ಡ ರಕ್ಷಣೆ. ವಾರದಲ್ಲಿ ಬಿಳುಪು ಕೊಡುವೆನೆನ್ನುವ, ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು ಇಲ್ಲದ ಡಬ್ಬಿಯನ್ನು ಮಾತ್ರ ಮುಟ್ಟಬೇಡಿರಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ನಮ್ಮ ಮೈಬಣ್ಣ ರೋಗವಲ್ಲ, ಅದಕ್ಕೆ ಔಷಧವೂ ಬೇಡ. ಬೆವರು ಸುರಿಸಿ ಗಳಿಸಿದ ಹಣ ಊರಿನ ಮನೆಗೆ ಮುಟ್ಟಲಿ ಎಂದು ಹೇಳಿ ಮುಗಿಸುತ್ತೇವೆ.