ಗಾಜಿನ ದೀಪ ಯಾರದು?



ಉರಿಯುವ ಬಲ್ಬನ್ನು ನೇರವಾಗಿ ನೋಡಿದರೆ ಕಣ್ಣು ಕುಕ್ಕುತ್ತದೆ. ಅದಕ್ಕೆ ಹಾಲುಬಣ್ಣದ ಗಾಜನ್ನು ಮರೆಮಾಡಿ ನೋಡಿ. ಗಾಜಿನೊಳಗಿನ ಸೂಕ್ಷ್ಮ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬೆಳಕು ಮೃದುವಾಗುತ್ತದೆ. ಈ ಗುಣವನ್ನು ಕಲೆಯಾಗಿಸಿದ ಹೆಗ್ಗಳಿಕೆ ನ್ಯೂಯಾರ್ಕಿನ ಟಿಫಾನಿ ಮೇಜುದೀಪಗಳದು.

ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು 1901ರ ಸುಮಾರಿನ ‘ವಿಸ್ಟೀರಿಯಾ’. ನೀಲಿ ಹೂಗೊಂಚಲುಗಳು ಇಳಿಬಿದ್ದಂತೆ ಕಾಣುವ ಇದರ ಮುಸುಕಿನಲ್ಲಿ ಸುಮಾರು 2,000 ಗಾಜಿನ ಚೂರುಗಳಿವೆ. ಒಂದೊಂದು ಚೂರಿನ ಅಂಚಿಗೂ ತಾಮ್ರದ ತೆಳುಹಾಳೆ ಸುತ್ತಿ, ಬೆಸುಗೆ ಹಾಕಿ ಜೋಡಿಸಲಾಗಿದೆ.

ಬಹುಕಾಲ ಇದರ ಕೀರ್ತಿಯೆಲ್ಲ ಸಂಸ್ಥೆಯ ಒಡೆಯ ಲೂಯಿ ಕಂಫರ್ಟ್ ಟಿಫಾನಿಯವರಿಗೇ ಸಲ್ಲುತ್ತಿತ್ತು. ಆದರೆ ವಿನ್ಯಾಸ ಮಾಡಿದವರು ಕ್ಲಾರಾ ಡ್ರಿಸ್ಕಾಲ್. ಗಾಜು ಕತ್ತರಿಸುವ ಮಹಿಳಾ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಮದುವೆಯಾದ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸವಿರಲಿಲ್ಲ. ದೀಪಗಳ ಮೇಲೆ ಆ ಮಹಿಳೆಯರ ಹೆಸರೂ ಇರಲಿಲ್ಲ.

ಕ್ಲಾರಾ ತಮ್ಮ ತಾಯಿಗೂ ಸೋದರಿಯರಿಗೂ ಬರೆದ ಕಾಗದಗಳು ಸಂಶೋಧಕರ ಕಣ್ಣಿಗೆ ಬಿದ್ದ ಮೇಲೆ ಸಂಗತಿ ಹೊರಬಿತ್ತು. 2007ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಪ್ರದರ್ಶನವನ್ನೇ ಏರ್ಪಡಿಸಿ, ಅವರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿತು.

ಇನ್ನು ಮುಂದೆ ಒಂದು ಚೆಲುವಾದ ವಸ್ತುವನ್ನು ಕಂಡಾಗ ಅದರ ಮೇಲಿನ ಹೆಸರನ್ನಷ್ಟೇ ಓದಬೇಡಿ. ಮಾಡಿದವರು ಯಾರೆಂದೂ ಕೇಳಿ. ಉತ್ತರ ಒಮ್ಮೊಮ್ಮೆ ಹಳೆಯ ಕಾಗದದ ಕಟ್ಟಿನಲ್ಲಿರುತ್ತದೆ.